ಎತ್ತಿ ಎಳೆ

ಮೊನ್ನೆ ಮೂರನೇ ಡ್ರಾಯರಿನ ಮುಖ ಪೂರ್ತಿ ಕೈಗೇ ಬಂತು,
ಹಿಡಿ ಸಮೇತ.
ಹಿಂದಿನ ಪೆಟ್ಟಿಗೆ ಹಾಗೇ ಬಾಯಿ ಬಿಟ್ಟುಕೊಂಡು ಕೂತಿತ್ತು:
ಬ್ರೆಡ್ಡಿನ ಚಾಕು, ಗ್ಯಾಸಿನ ರಸೀತಿ, ಅರ್ಧ ಉರಿದ ಮೇಣದ ಬತ್ತಿ,
ಯಾವ ಬೀಗದ್ದೋ ಎರಡು ಕೀಲಿಕೈ.

"ಎತ್ತಿ ಎಳೆ ಅಂದಿದ್ದೆನಲ್ಲ," ಅಂದಳು ಎಲ್ಸಿರಾ,
ಬೀನ್ಸ್ ಬಿಡಿಸುತ್ತ, ಕಾಳು ಬೋಗುಣಿಗೆ, ಸಿಪ್ಪೆ ಮಡಿಲಿಗೆ,
ತಲೆ ಎತ್ತದೆ.
ನನ್ನ ಅತ್ತೆ. ಎಂಬತ್ತೊಂದು.
ಲೋಟಾದಲ್ಲಿ ಕಲ್ಲಿದ್ದಲ ಗಣಿ ಮುಚ್ಚಿದ ಮೇಲೂ
ಮುಚ್ಚದೆ ಉಳಿದದ್ದು ಎರಡೇ,
ಈ ಡ್ರಾಯರು ಮತ್ತು ಅಮ್ಮನ ಬಾಯಿ
ಅನ್ನುತ್ತಾನೆ ನಿಬಾಲ್ದೋ, ಅವಳಿಗೆ ಕೇಳದ ಹಾಗೆ.

ಮನೆಯವರಿಗೆಲ್ಲ ಗೊತ್ತು:
ಮೊದಲು ಕೂದಲೆಳೆಯಷ್ಟು ಎತ್ತಬೇಕು,
ಆಮೇಲೆ ಎಡಕ್ಕೆ ವಾಲಿಸಬೇಕು, ಆಮೇಲೆ ಎಳೆಯಬೇಕು.
ಮುಚ್ಚುವಾಗ ಸೊಂಟದಿಂದ ಒಂದು ತಟ್ಟು.
ಮಕ್ಕಳು ನಡೆಯುವುದರ ಜೊತೆಗೇ ಇದನ್ನೂ ಕಲಿತರು.
ನಾನೊಬ್ಬಳು ಚಿಯಾನ್ ಕಡೆಯಿಂದ ಬಂದವಳು.
ಮದುವೆಯಾದ ಮೊದಲ ಭಾನುವಾರ, ಚಾಕು ತರಲು ಎದ್ದವಳು,
ನೇರ ಎಳೆದೆ.
ಮೇಜಿನ ಸುತ್ತ ಹನ್ನೊಂದು ಜನ
ಸೂಪಿನ ಬಟ್ಟಲಿನಿಂದ ತಲೆ ಎತ್ತಿದರು.
ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.
ಮಾವ ಎದ್ದು, ಒಳಗಿನಿಂದ ಎರಡು ಮೊಳೆ ಬಡಿದು,
ಮತ್ತೆ ಕೂತು,
ಸೂಪು ಆರಿತು ಅಂದ, ಗೋಡೆಗೆ.

ಇಲ್ಲಿ ನೆಲ ಆಗಾಗ ಮಗ್ಗುಲು ಬದಲಿಸುತ್ತದೆ.
ಸಣ್ಣದಕ್ಕೆ ನಾವು ಮಾತು ನಿಲ್ಲಿಸುವುದಿಲ್ಲ,
ಕೈ ಮಾತ್ರ ತನ್ನಷ್ಟಕ್ಕೆ ಲೋಟ ಹಿಡಿದುಕೊಳ್ಳುತ್ತದೆ.
ಪ್ರತಿ ಸಲವೂ ಮೂರನೇ ಡ್ರಾಯರು ಒಂದು ಬೆರಳು ಹೊರಬಂದು
ಏನಾಯಿತು ಎಂದು ಕೇಳುವವರ ಹಾಗೆ ನಿಂತಿರುತ್ತದೆ.
ದೊಡ್ಡದು ಬಂದ ರಾತ್ರಿ
ಕರೆಂಟಿಲ್ಲ, ಗೋಡೆ ಇದ್ದಲ್ಲಿ ಇಲ್ಲ,
ಮೇಲಿನ ಕಪಾಟು ತನ್ನ ಗಾಜನ್ನೆಲ್ಲ ಕೆಳಗೆ ಸುರಿಯುತ್ತಿದೆ,
ಆ ಕತ್ತಲಲ್ಲಿ ಎತ್ತಿ, ವಾಲಿಸಿ, ಎಳೆದು
ಮೇಣದ ಬತ್ತಿ ತೆಗೆದ ಕೈ ಯಾರದೆಂದು
ಬತ್ತಿ ಹೊತ್ತಿಸಿದ ಮೇಲೆ ಗೊತ್ತಾಯಿತು.
ನನ್ನದು.
ಮರುದಿನದಿಂದ ಅತ್ತೆ ನನ್ನನ್ನು
ಹೆಸರು ಹಿಡಿದು ಬೈಯತೊಡಗಿದಳು.

ಮೊನ್ನೆ ನಾನೇ ಮಂಡಿಯೂರಿದೆ.
ಮಾವ ಹೋಗಿ ಒಂಬತ್ತು ವರ್ಷ, ಅವನ ಮೊಳೆಗಳು ಇನ್ನೂ ಇದ್ದವು;
ಇಕ್ಕಳ ಹಾಕಿದರೆ ಕಿರ್ರೆಂದು ತಕರಾರು ತೆಗೆದವು.
ಪುಡಿ ಮರ ಅಂಟಿಸಿ ಮಾಡಿದ ಹಲಗೆ,
ಕೆಟಲಿನ ಹಬೆ ಕುಡಿದೂ ಕುಡಿದೂ ಊದಿಕೊಂಡಿತ್ತು.
ಸ್ಕ್ರೂ ತೂತುಗಳಲ್ಲಿ ಕಿರುಬೆರಳು ಆಡುತ್ತಿತ್ತು.
ಬೆಂಕಿಕಡ್ಡಿಗಳ ತಲೆ ಮುರಿದು, ಬಿಳಿ ಗೋಂದಿನಲ್ಲಿ ಅದ್ದಿ,
ತೂತಿಗೆ ಒಂದೊಂದೇ ತುರುಕಿದೆ.
"ನಾಲ್ಕು ಹಾಕು," ಅಂದಳು.
ಮೂರೇ ಹಿಡಿಸಿದ್ದು.
ನಾಲ್ಕು ಹಾಕಿದೆ ಅಂದೆ.
ಮುಖದ ಹಿಂದೂ ಗೋಂದು ಬಳಿದು, ಪೆಟ್ಟಿಗೆಗೆ ಒತ್ತಿ,
ಹಳೆ ಸೈಕಲ್ ಟ್ಯೂಬನ್ನು ಸೀಳಿ ಬಿಗಿಯಾಗಿ ಸುತ್ತಿದೆ.
ರಾತ್ರಿಯಿಡೀ ಅದು ಊಟದ ಮೇಜಿನ ಮೇಲೆ
ಹಲ್ಲುನೋವಿಗೆ ಬಟ್ಟೆ ಕಟ್ಟಿಕೊಂಡವರ ಹಾಗೆ ಕೂತಿತ್ತು.
ಅದರ ಪಕ್ಕದಲ್ಲೇ ಊಟ ಮಾಡಿದೆವು.

ಬೆಳಿಗ್ಗೆ ಒಳಗಿನಿಂದ ಸ್ಕ್ರೂ ತಿರುಗಿಸಿದೆ.
ಕೊನೆಯ ಸುತ್ತಿಗೆ ಮರ ಸಣ್ಣಗೆ ಮುಲುಗಿ, ಹಿಡಿಯಿತು.
ಹಳಿಗೆ ಕೂರಿಸಿ ತಳ್ಳಿದರೆ
ಸದ್ದೇ ಇಲ್ಲದೆ ಹೋಗಿ ಮುಚ್ಚಿಕೊಂಡಿತು.

ಎಲ್ಸಿರಾ ಎದ್ದು ಬಂದಳು, ಬೆರಳಲ್ಲಿ ಬೀನ್ಸಿನ ಹಸಿರು.
ಎತ್ತಿದಳು.
ಏನೂ ಏಳಲಿಲ್ಲ. ಕ್ಯಾಬಿನೆಟ್ಟೇ ಒಂದಿಷ್ಟು ನರಳಿತು.
ಎಡಕ್ಕೆ ವಾಲಿಸಿದಳು. ವಾಲಲಿಲ್ಲ.
ಕೈ ಅಲ್ಲೇ ಸ್ವಲ್ಪ ಹೊತ್ತು ನಿಂತಿತು,
ಇಲ್ಲದ ಮೆಟ್ಟಿಲಿಗೆ ಕಾಲಿಟ್ಟವರ ಕಾಲಿನಂತೆ.
ಆಮೇಲೆ ಸುಮ್ಮನೆ ಎಳೆದಳು.
"ಇನ್ನು ಕಳ್ಳನೂ ತೆಗೆಯಬಹುದು," ಅಂದಳು.
"ರಸೀತಿ ಒಯ್ಯಲಿ ಬಿಡಿ," ಅಂದೆ.

ಕೆಲಸ ಮುಗಿದ ಮೇಲೆ ಅಂಗೈಯಲ್ಲಿ ಒಂದು ಸ್ಕ್ರೂ ಉಳಿದಿತ್ತು.
ಎಲ್ಲ ತೂತು ಎಣಿಸಿದೆ, ಎಲ್ಲವೂ ತುಂಬಿದ್ದವು.
ಎಲ್ಲಿಂದ ಬಂತೋ. ಎಸೆಯಲು ಅತ್ತೆ ಬಿಡಲಿಲ್ಲ.
ಆ ಕೀಲಿಕೈಗಳ ಜೊತೆ ಡ್ರಾಯರಿನಲ್ಲೇ ಹಾಕಿದೆ.

ನಿನ್ನೆ ರಾತ್ರಿ ಎರಡೂಕಾಲಿಗೆ
ಮೊದಲು ಎದ್ದದ್ದು ಅದು.
ಮುಚ್ಚಿದ ಡ್ರಾಯರಿನೊಳಗೆ ಉರುಳಿತು,
ಆ ಗೋಡೆಯಿಂದ ಈ ಗೋಡೆಗೆ.
ಕಪ್ಪುಗಳು ಆಮೇಲೆ, ನಾಯಿ ಆಮೇಲೆ.
ಗೋಡೆಯಾಚೆಯಿಂದ ಅತ್ತೆ ಕೂಗಿದಳು:
"ರೊಸಾಲ್ಬಾ, ಹೊರಬಂತಾ?"
"ಇಲ್ಲ," ಅಂದೆ ಕತ್ತಲಲ್ಲಿ, "ಒಳಗೇ ಇದೆ."