ಐಸ್ ಫ್ಯಾಕ್ಟರಿಯ ತಾರಸಿ

ಉಮ್ಮುಲ್ ಕುವೈನಿನ ಮೀನುಬಂದರಿನ ಹಿಂದೆ
ಐಸ್ ಫ್ಯಾಕ್ಟರಿಯ ತಾರಸಿ
ಬಾಡಿಗೆಗೆ ಹಿಡಿದಿದ್ದಾರೆ ಡಾಕ್ಟರ್ ಹುದಾ.
ಇಲ್ಲೊಂದು ಮಸೂರ, ಊಟದ ತಟ್ಟೆಯಷ್ಟು;
ಖೋರಿನ ಆಚೆ (ಹಿನ್ನೀರಿಗೆ ಇಲ್ಲಿ ಖೋರ್ ಅನ್ನುತ್ತಾರೆ)
ನೀರಿನ ಟ್ಯಾಂಕಿನ ನೆತ್ತಿಯಲ್ಲಿ ಇನ್ನೊಂದು.
ಇದರ ಬಾಯಿಯನ್ನು ಅದರ ಕಿವಿಗೆ
ಕೂದಲೆಳೆ ತಪ್ಪದಂತೆ ಕೂರಿಸುವುದು ನನ್ನ ಕೆಲಸ.
ಪಗಾರ ಅದಕ್ಕೇ.

ಟೆರಾಹರ್ಟ್ಸ್ ಅಂದರೆ ಏನು, ಕೇಳಿದ್ದೆ ಮೊದಲ ವಾರ.
ರೇಡಿಯೋದ ಮನೆಯವರು ಒಳಗೆ ಕರೆಯಲಿಲ್ಲ,
ಬೆಳಕಿನ ಮನೆಯವರೂ ಕರೆಯಲಿಲ್ಲ,
ಎರಡರ ನಡುವಿನ ಜಗಲಿಯಲ್ಲಿ
ಇಷ್ಟು ಕಾಲ ಸುಮ್ಮನೆ ಕೂತಿದ್ದ ಅಲೆ ಅದು.
ಹೀಗೆಂದು ಅವರು ಹೇಳಲಿಲ್ಲ. ನಾನು ಹಾಗೆ ಕೇಳಿಸಿಕೊಂಡೆ.

ಗಂಗೊಳ್ಳಿಯಲ್ಲಿ ನನ್ನ ಅಜ್ಜಿ ಕತ್ತ ಹೊಸೆಯುತ್ತಿದ್ದಳು,
ಎಡಹುರಿ, ಬಲಹುರಿ, ತೊಡೆ ಕೆಂಪಾಗುವ ತನಕ.
ಈ ಡಾಕ್ಟರು ಅಲೆಯನ್ನೇ ಹೊಸೆಯುತ್ತಾರೆ:
ಎಡಕ್ಕೊಂದು ಸುತ್ತು, ಬಲಕ್ಕೊಂದು,
ಎರಡು ಸುತ್ತಿನದು, ಮೂರು ಸುತ್ತಿನದು.
ಒಂದೇ ದಾರಿಯಲ್ಲಿ ಆರು ಹುರಿ,
ಹುರಿಹುರಿಗೂ ಬೇರೆ ಹೊರೆ;
ಒಂದರೊಳಗೊಂದು ಸಿಕ್ಕಾಗದೆ
ಆಚೆ ದಡದಲ್ಲಿ ಬಿಚ್ಚಿಕೊಳ್ಳುತ್ತವೆ.
ಅಜ್ಜಿಯ ಹಗ್ಗ ಬಿಚ್ಚಿದರೆ ಬರೀ ನಾರು.

ಪರದೆಯ ಮೇಲೆ ಅದು ಬಳೆ: ನಡುವೆ ಬರಿದು, ಸುತ್ತ ಹೊಳಪು.
ಸುತ್ತಿಲ್ಲದ ಅಲೆಯೊಂದನ್ನು ಅದರ ಮೇಲೆ ಬಿಟ್ಟರೆ
ಬಳೆ ಹೋಗಿ ಚಕ್ಕುಲಿ.
ನಾನು ನಕ್ಕೆ. ಯಾಕೆ, ಅಂದರು.
ಚಕ್ಕುಲಿಗೆ ಅರಬಿಯಲ್ಲಿ ಏನನ್ನಬೇಕೋ ಹೊಳೆಯಲಿಲ್ಲ.

ಗುಲ್‌ಝಮಾನ್ ಒಮ್ಮೆ ಬೇಕೆಂದೇ ಸ್ಪ್ಯಾನರ್ ಅಡ್ಡ ಹಿಡಿದ.
ಬಳೆ ಒಡೆಯಿತು.
ನಾಲ್ಕು ಮಾರು ಮುಂದೆ ಮತ್ತೆ ಕೂಡಿಕೊಂಡಿತು,
ಒಡೆದೇ ಇಲ್ಲವೆಂಬಂತೆ.
ಖುದಾ ಕೀ ಕಸಮ್, ಎಂದ ಅವನು,
ಸ್ಪ್ಯಾನರನ್ನು ತಿರುಗಿಸಿ ನೋಡುತ್ತ.

ಕಬ್ಬಿಣಕ್ಕೆ ಸೋಲದ್ದು ಆವಿಗೆ ಸೋಲುತ್ತದೆ.
ಆಗಸ್ಟ್. ಕಡಲು ಎದ್ದು ಗಾಳಿಯಲ್ಲೇ ಬಿಡಾರ ಹೂಡಿದೆ.
ಕನ್ನಡಕ ಬೆವರುತ್ತದೆ, ನಟ್ಟು ಬೋಲ್ಟು ಬೆವರುತ್ತವೆ,
ಆರು ಹುರಿಗಳನ್ನೂ ಸೆಕೆ ಕುಡಿದು
ಬಾಯಿ ಒರೆಸಿಕೊಳ್ಳುತ್ತದೆ.
ಡಾಕ್ಟರು ಸಿಟ್ಟಾಗುವುದಿಲ್ಲ, ಬರೆದುಕೊಳ್ಳುತ್ತಾರೆ.

ಅಷ್ಟಕ್ಕೂ ಕಳಿಸುತ್ತಿರುವುದು ಏನನ್ನು?
ಏನೂ ಇಲ್ಲ. ಸೊನ್ನೆ ಮತ್ತು ಒಂದು, ಕಲಸಿದ್ದು.
ಅರ್ಥ ಬೇಡ, ಎಷ್ಟು ತಪ್ಪಿತು ಎಣಿಸಿದರೆ ಸಾಕು.
ಊರಿಗೆ ಊರೇ ಹಿಡಿಯುವ ಹಾದಿಯಲ್ಲಿ
ಖಾಲಿ ಲಾರಿಗಳು ಸಾಲುಸಾಲು.

ರಾತ್ರಿ ಮೂರಕ್ಕೆ ಉಪ್ಪು ಒರೆಸಲು ಹತ್ತಿದೆ.
ಒಣಗಾಳಿ ಊದುವ ನಳಿಗೆಯಡಿ ಮಸೂರ ತಣ್ಣಗಿತ್ತು.
ಬಗ್ಗಿದವನು ಏನೋ ಗೊಣಗಿದೆ;
ಉಸಿರು ಮಂಜಾಗಿ ಕೂತು, ಮರುಗಳಿಗೆ ಆರಿತು.
ಆಚೆ ದಡದಿಂದ ವಾಕಿಟಾಕಿ:
ಯಾರು ಈಗ ಮಾತಾಡಿದ್ದು?
ಗೆರೆ ಕುಸಿದು ಎದ್ದಿತು.

ಕೇಳಿಸಿತಾ, ಅಂದೆ.
ಇಲ್ಲ, ಬಿದ್ದದ್ದು ಕಂಡಿತು. ಇನ್ನೊಮ್ಮೆ ಹೇಳು, ನಿಧಾನ.

ಗಾಜಿಗೆ ತುಟಿ ತಾಗುವಷ್ಟು ಬಗ್ಗಿ,
ಬಿಡಿಸಿ ಬಿಡಿಸಿ ಹೇಳಿದೆ:
ಚ.
ಕ್ಕು.
ಲಿ.

ಮೂರು ಸಲ, ಅಂದರು ಅವರು. ಬರೆದುಕೊಂಡಿರಬೇಕು.