ಮಂಗಳವಾರದ ಗೋಡೆ

ನಗರಸಭೆ ಕೊಡುವ ಬಣ್ಣ ಪುಕ್ಕಟೆ.
ಯಾರ್ಯಾರ ಮನೆಯಲ್ಲೋ ಉಳಿದದ್ದನ್ನೆಲ್ಲ ಒಂದೇ ಡಬ್ಬಕ್ಕೆ ಸುರಿದು
ಕಲಕಿದ್ದು; ಒಂದು ವಾರ ಮಳೆಮೋಡ,
ಇನ್ನೊಂದು ವಾರ ಆರಿದ ಗಂಜಿ.
ಹೀಗಾಗಿ ಪೊರಿರುವಾ ಸ್ಟೇಷನ್ನಿನ ಸುರಂಗದಾರಿ
ತೇಪೆಯ ಮೇಲೆ ತೇಪೆ ಬಿದ್ದ ಕೌದಿ.

ನಾವು ಐದು ಜನ. ಮಂಗಳವಾರ, ಏಳಕ್ಕೆ.
ತವಿತಾ ಬಕೆಟ್ಟು ಹೊರುತ್ತಾನೆ, ಸೊಂಟನೋವೆಂದು ಗೊಣಗುತ್ತಲೇ.
ನೋರೀನ್ ಫೋಟೊ ತೆಗೆದು ತಾರೀಖು ಬರೆಯುತ್ತಾಳೆ.
‘ಇಪ್ಪತ್ತನಾಲ್ಕು ಗಂಟೆಯೊಳಗೆ ಅಳಿಸಿದರೆ
ಬರೆದವನಿಗೆ ಬೇಜಾರಾಗುತ್ತದೆ’ –
ಇದು ತರಬೇತಿಯಲ್ಲಿ ಹೇಳಿಕೊಟ್ಟದ್ದು.
ಯಾರಿಗೆ ಮೊದಲು ಬೇಜಾರಾಗುತ್ತದೆಂದು ಹೇಳಿಕೊಡಲಿಲ್ಲ.

ಮೂವತ್ತೊಂದು ವರ್ಷ ಅಂಚೆ ವಿಂಗಡಿಸಿದವಳು ನಾನು.
ವಿಳಾಸದ ಓರೆ ನೋಡಿಯೇ ಹೇಳುತ್ತಿದ್ದೆ
ಇದು ಎಡಗೈ, ಇದು ಅವಸರ, ಇದು ಕುಡಿದು ಬರೆದದ್ದು,
ಇದು ಮಗನಿಗೆ, ಜೈಲಿಗೆ.
ಆದ್ದರಿಂದ ಅವನು ನನಗೆ ಗೊತ್ತಿದ್ದ.
ನಾಲ್ಕೇ ಅಕ್ಷರ. ಮೊದಲನೆಯದು ಆರ್.
ಜೂನಿನಲ್ಲಿ ಅದರ ಕಾಲು ನೆಲ ಸಿಗದೆ ನೇತಾಡುತ್ತಿತ್ತು,
ಮೂಗು ಸೋರುವ ಮಗುವಿನ ಹಾಗೆ ಬಣ್ಣ ಇಳಿಯುತ್ತಿತ್ತು.
ಅಳಿಸಿದೆವು.
ಜುಲೈನಲ್ಲಿ ಸೋರುವುದು ನಿಂತಿತು.
ಅಳಿಸಿದೆವು.
ಆಗಸ್ಟಿನ ಹೊತ್ತಿಗೆ ಆ ಕಾಲು
ಹೊಸಿಲು ದಾಟುವವಳ ಹಾಗೆ ಒಂದಿಷ್ಟು ಮುಂದಕ್ಕೆ,
ಹಿಮ್ಮಡಿ ಎತ್ತಿ –
ರೋಲರ್ ಎತ್ತಿದವಳು ನಿಂತುಬಿಟ್ಟೆ.
‘ಏನಾಯಿತು?’ ಅಂದಳು ನೋರೀನ್.
‘ಏನಿಲ್ಲ, ಭುಜ.’

ನಾವು ಬಳಿದುಕೊಟ್ಟ ಹಲಗೆ, ಅವನು ತಿದ್ದಿದ.
ಒರೆಸಿದಷ್ಟೂ ದುಂಡಗಾಯಿತು ಬರಹ.
ಇದನ್ನು ಸಭೆಯಲ್ಲಿ ಹೇಳುವುದುಂಟೆ?
ಗೋಡೆಗೂ ಕಿವಿಯಿದೆ ಅನ್ನುವವರು
ಅದಕ್ಕೆ ಬಾಯಿ ಬಂದರೆ ಸಹಿಸುವುದಿಲ್ಲ.
ಆದರೆ ಸುಳ್ಳೇಕೆ, ಮಿಸೆಸ್ ಪ್ರಿಂಗಲ್‌ರ ಬೇಲಿಯ ಮೇಲೆ,
ಅವರ ಗಂಡ ಸತ್ತ ವಾರ, ಅದೇ ಆರ್ ಕಂಡಾಗ
ಎಲ್ಲರಿಗಿಂತ ಜೋರಾಗಿ ಬೈದವಳು ನಾನೇ.
ಬೈದು, ತಂತಿಬ್ರಷ್ಷಿನಿಂದ ಉಜ್ಜಿದೆ, ಮರದ ಸಿಬಿರು ಏಳುವಷ್ಟು.

ಅಕ್ಟೋಬರಿನಲ್ಲಿ ಗೋಡೆ ಖಾಲಿ.
ಒಂದು ಮಂಗಳವಾರ, ಎರಡು, ನಾಲ್ಕು.
ನಗರಸಭೆಯವರು ಕೇಕ್ ಕಳಿಸಿದರು.
ತವಿತಾ ಎರಡು ತುಂಡು ತಿಂದ.
ನಾನು ರೈಲು ಹತ್ತಿ ಎರಡು ಸ್ಟೇಷನ್ ಆಚೆ ಹೋಗಿ
ಸೇತುವೆಯ ಕಂಬಗಳನ್ನೆಲ್ಲ ನೋಡಿಬಂದೆ,
ಪಾರ್ಸೆಲ್ ಒಂದು ಕೈತಪ್ಪಿಹೋದವಳ ಹಾಗೆ.

ನವೆಂಬರ್. ಕೋರ್ಟು ಕಳಿಸಿದ ಮೂವರು,
ಕಿತ್ತಳೆ ಜಾಕೆಟ್ಟು, ನಲವತ್ತು ಗಂಟೆಯ ದುಡಿಮೆ.
‘ಹಾಜರಿ ಹಾಕಿ’ ಎಂದು ಪುಸ್ತಕ ಚಾಚಿದೆ.
ಕೊನೆಯ ಹುಡುಗ, ಗದ್ದದ ತುಂಬ ಮೊಡವೆ,
ರೇವಿ ಎಂದು ಬರೆದ.
ಬಾಲ್‌ಪೆನ್ನಿನಲ್ಲಿ, ಗೆರೆಯೆಳೆದ ಅಷ್ಟೇ ಜಾಗದಲ್ಲಿ
ಹಿಮ್ಮಡಿ ಎತ್ತಿತು ಆರ್.

ಪುಸ್ತಕ ಮುಚ್ಚಿದೆ.
ನೋರೀನ್ ಕಡೆ ನೋಡಲಿಲ್ಲ.
ರೋಲರ್ ಕೊಡಬೇಕಾದಲ್ಲಿ ಎರಡಿಂಚಿನ ಬ್ರಷ್ ಕೊಟ್ಟೆ.
‘ಅಂಚು ನಿನ್ನದು,’ ಅಂದೆ,
‘ಅಂಚಿಗೆ ಕೈ ನಡುಗಬಾರದು.’
ಅವನು ಬ್ರಷ್ಷಿನ ತುದಿಯನ್ನು ಬೆರಳಿಂದ ಸವರಿ,
ಡಬ್ಬದೊಳಗೆ ಇಣುಕಿ, ಮೆಲ್ಲಗೆ ಅಂದ:
‘ಇದು ಹೋದ ಸಲದ ಬೂದು ಅಲ್ಲ.’