ಎಡಗಡೆ ಬ್ಯಾಕಿಗೆ ಯಾರು

ಶನಿವಾರ ನಾಲ್ಕು ಗಂಟೆಗೆ ಒಗ್ಗರಣೆ ಮಿರ್ಚಿ ಅಂಗಡಿ ಗೋಡೆಗೆ
ಅಂತೋಣಿ ಮಾಸ್ತರು ಚೀಟಿ ಅಂಟಿಸಿದರಂತೆ:
ನಾಳೆ ಇಳಿಯೋ ಹನ್ನೊಂದು ಮಂದಿ.
ಇನ್ನೂ ಹತ್ತೊಂಬತ್ತು ಜೀನ್ಸಿಗೆ ಜೇಬು ಹಚ್ಚೋದಿತ್ತು.
ಮಿಷನ್ ಬಿಟ್ಟು ಓಡಿದೆ.

ಓದಿದೆ. ಎಣಿಸಿದೆ. ಮತ್ತೆ ಓದಿದೆ.
ಯರ್ರಿಸ್ವಾಮಿ ಹೆಸರಿಲ್ಲ.

ಎಡಗಡೆ ಬ್ಯಾಕಿಗೆ ಗಾದಿಲಿಂಗನಂತೆ!
ಒಳ್ಳೆ ಹುಡುಗ, ಇಲ್ಲ ಅನ್ನಲ್ಲ,
ಆದರೆ ಎಡಗಾಲನ್ನ ಅವನು
ಬೈಕಿನ ಗೇರ್ ಹಾಕೋಕೆ ಮಾತ್ರ ಇಟ್ಕೊಂಡಾನೆ.
ಇದು ನನ್ನ ಅಭಿಪ್ರಾಯ. ಕೌಲ್‌ಬಜಾರಿನಾಗೆ ಯಾರ ಮುಂದೆ ಬೇಕಾದರೂ ಹೇಳ್ತೀನಿ.

ಮಾಸ್ತರನ್ನ ಕೇಳಿದರೆ
"ಮೊಣಕಾಲು" ಅಂದರು, ಅಷ್ಟೇ.
ಮಿರ್ಚಿ ತೊಟ್ಟು ಕಿತ್ತು ತಟ್ಟೆ ಅಂಚಿಗಿಟ್ಟರು.

ರಾತ್ರಿ ಅಕ್ಕನ ಮಗಳು ಸುಂಕು ಸಿನಿಮಾಕ್ಕೆ ಎಳಕೊಂಡು ಹೋದಳು.
ಅಮೆರಿಕದ ಹೀರೋ, ಬಾಯಲ್ಲಿ ತೆಲುಗು,
ನೋಡೋರು ಕನ್ನಡದೋರು, ಉರ್ದುನೋರು,
ಶಿಳ್ಳೆಗೆ ಮಾತ್ರ ಭಾಷೆಯಿಲ್ಲ.
ಎಪ್ಪತ್ತನೇ ಅಂತಸ್ತಿನಿಂದ ಜಿಗಿದ ಅವನು
ಒಂದು ಮೊಣಕಾಲೂರಿ ಇಳಿದ.
ರಸ್ತೆ ಬಿರೀತು.
ಮೊಣಕಾಲು ಬಿರೀಲಿಲ್ಲ.

"ನೋಡು, ಎಡಗಾಲೇ" ಅಂದೆ ಸುಂಕುಗೆ.
"ಸುಮ್ನಿರು ಮಾಮ" ಅಂದಳು.

ಸುಮ್ನಿರೋದು ಹೆಂಗೆ? ಹದಿನೆಂಟು ವರ್ಷ ಹೊಲಿದ ಕೈ ಇದು.
ಅವನ ಬಟ್ಟೆಗೆ ಹೊಲಿಗೆನೇ ಕಾಣಲ್ಲ.
ಎಲ್ಲಿಂದ ಹೊಕ್ಕ? ಎಲ್ಲಿಂದ ಹೊರಗೆ ಬರ್ತಾನೆ? ಜಿಪ್ ಎಲ್ಲಿ?
ಅಷ್ಟು ಬಿಗಿ ಬಟ್ಟೆಯಲ್ಲಿ ಕುಕ್ಕರುಗಾಲಲ್ಲಿ ಒಂದು ಸಲ ಕೂತರೆ
ಬಳ್ಳಾರಿಯ ಡಬಲ್ ಹೊಲಿಗೆ ಕೂಡ ಜೀವ ಬಿಡ್ತೈತೆ.
ಬೆನ್ನಿಗೆ ಇಳಿಬಿಟ್ಟ ಕೆಂಪು ಬಟ್ಟೆ, ನನ್ನ ಲೆಕ್ಕದಲ್ಲಿ, ಮೂರೂವರೆ ಮೀಟರ್.
ಅದನ್ನ ತೊಟ್ಟು ನಮ್ಮ ಮೈದಾನಕ್ಕೆ ಇಳೀಲಿ,
ಗುಂತಕಲ್ಲು ರೈಲ್ವೆಯ ಸ್ಟಾಪರ್
ಮೊದಲನೇ ನಿಮಿಷಕ್ಕೇ ಹಿಡಿದು ಜಗ್ಗಿ ಕೆಡವ್ತಾನೆ,
ರೆಫ್ರಿ ಆ ಹೊತ್ತಿಗೆ ಗುಡ್ಡ ನೋಡ್ತಿರ್ತಾನೆ.

"ಒಬ್ಬನೇ ಅಲ್ಲ ಮಾಮ, ಅವರದ್ದೂ ಟೀಮು, ಆರು ಮಂದಿ."
ಆರು ಮಂದಿನೂ ಫಾರ್ವರ್ಡ್‌ಗಳೇ, ಸುಂಕು.
ಹಿಂದೆ ನಿಲ್ಲೋನು ಒಬ್ಬನಾದರೂ ಅದಾನಾ?
ಅದಕ್ಕೇ ಪ್ರತಿ ಸಲ
ಊರು ಪೂರ್ತಿ ಹಾಳಾದ ಮೇಲೆ ಗೆಲ್ತಾರೆ.

ವಾಪಸ್ ಬರುವಾಗ ಯರ್ರಿಸ್ವಾಮಿ ಕಟ್ಟೆ ಮೇಲೆ ಕೂತಿದ್ದ,
ಖಾಲಿ ಸಿಲಿಂಡರ್ ಮೇಲೆ ಕಾಲು ಚಾಚಿ.
ಅವನ ಮೊಣಕಾಲು ಹೋಗಿದ್ದು ಆಟದಾಗಲ್ಲ.
ಗ್ಯಾಸ್ ಹೊತ್ತು ಏರಿದ್ದ,
ಮೂರನೇ ಅಂತಸ್ತು, ಮೆಟ್ಟಿಲಲ್ಲಿ ಯಾರೋ ಒಣಹಾಕಿದ್ದ ಒದ್ದೆ ಚಾಪೆ.
ಮೂರೇ ಅಂತಸ್ತು.

"ಸಿನಿಮಾ ಹೆಂಗೈತೆ?"
"ಐತೆ."
"ಎಡಗಡೆ ಯಾರು?"
ಗೊತ್ತಿದ್ದೂ ಕೇಳಿದ.
"ಗಾದಿಲಿಂಗ."
ಸ್ವಲ್ಪ ಹೊತ್ತು ಮೊಣಕಾಲು ಸವರಿದ. ಆಮೇಲೆ ಅಂದ:
"ಅವರ ಏಳನೇ ನಂಬರ್ ಹೊರಗೆ ಓಡೋ ಹಂಗೆ ತೋರಿಸಿ
ಒಳಗೆ ತಿರುಗ್ತಾನೆ.
ಭುಜ ನೋಡಬಾರದು, ಸೊಂಟ ನೋಡಬೇಕು.
ಹುಡುಗನಿಗೆ ಹೇಳು. ನಾ ಹೇಳಿದೆ ಅನ್ನಬೇಡ."

ಅವನ ಮೊಣಕಾಲಿನ ಪಟ್ಟಿ ಬದಿಯಲ್ಲಿ ಹರಿದಿತ್ತು.
ಕೇಳದೇ ಕಿತ್ಕೊಂಡು ಬಂದೆ.
ಹನ್ನೆರಡು ಹೊಡೆದರೂ ಮಿಷನ್ ಮುಂದೆ ಕೂತೀನಿ,
ಎರಡು ಸೂಜಿ ಮುರಿದ್ವು,
ಕೈಗೆ ಸಿಕ್ಕಿದ್ದು ಜೀನ್ಸಿನ ಹಳದಿ ದಾರ.
ಹೊಲಿಗೆ ಎದ್ದು ಕಾಣ್ತೈತೆ,
ಪೆವಿಲಿಯನ್ನಿನಿಂದ ನೋಡಿದರೂ ಕಾಣ್ತೈತೆ.

ಜೇಬುಗಳು ಹತ್ತೊಂಬತ್ತೂ ಹಂಗೇ ಬಿದ್ದಾವೆ.
ಗಾದಿಲಿಂಗನ ಎಡಗಾಲಿನ ಬಗ್ಗೆ ನನ್ನ ಅಭಿಪ್ರಾಯ
ಈಗಲೂ ಅದೇ.
ಬೆಳಿಗ್ಗೆ ಆರಕ್ಕೆ ಅವನ ಮನೆಗೆ ಹೋಗಿ
ಸೊಂಟದ ಮಾತು ಹೇಳಬೇಕು.
ನಾಳೆ ಎರಡು–ಒಂದು.
ಯಾರಿಗೆ ಅಂತ ಮಾತ್ರ ಕೇಳಬೇಡ್ರಿ.